ಹುರುಳಿಯಲ್ಲಿ ಪ್ರಥಮ ಸ್ಥಾನ

ಬಹಳ ಹಿಂದೆ, ಅಂದರೆ ರಾಜರು ಬೆಳಿಗ್ಗೆ ಎದ್ದೊಡನೆ ತಮ್ಮ ಸ್ಥಾನ ಎಷ್ಟನೆಯದೆಂದು ವಿಚಾರಿಸುವ ಅಭ್ಯಾಸ ಆಗಷ್ಟೇ ಶುರುವಾಗಿದ್ದ ಕಾಲದಲ್ಲಿ, ನಡುಹೊಳೆ ಎಂಬ ನದಿಯ ಈ ದಡದಲ್ಲಿ ಒಂದು ರಾಜ್ಯವಿತ್ತು. ಅದರ ಹೆಸರು ಈಚೆನಾಡು. ಹೊಳೆಯ ಆ ದಡದಲ್ಲಿ ಇನ್ನೊಂದು ರಾಜ್ಯವಿತ್ತು, ಅದು ಆಚೆನಾಡು. ಆ ಕಡೆಯವರು ತಮ್ಮದೇ ಈಚೆನಾಡು, ಇವರದು ಆಚೆನಾಡು ಎಂದು ವಾದಿಸುತ್ತಿದ್ದರು. ಈ ವಿಷಯವಾಗಿ ಹಿಂದೊಮ್ಮೆ ಯುದ್ಧವೂ ನಡೆದು ಎರಡೂ ಕಡೆಯವರು ಗೆದ್ದರೆಂದು ಎರಡೂ ಕಡೆಯ ಇತಿಹಾಸಕಾರರು ಬರೆದಿಟ್ಟಿದ್ದಾರೆ. ನಾವು ಈ ದಡದಲ್ಲಿ ನಿಂತು ಕಥೆ ಹೇಳುತ್ತಿರುವುದರಿಂದ ಇದನ್ನೇ ಈಚೆನಾಡು ಎನ್ನೋಣ.

ಎರಡು ನಾಡಿನ ಮಣ್ಣೂ ಒಂದೇ, ಮಳೆಯೂ ಒಂದೇ, ಬೆಳೆಯೂ ಒಂದೇ. ಅದು ಹುರುಳಿ. ಯಾರ ಹಂಗೂ ಇಲ್ಲದೆ ಕೆಂಪು ಮಣ್ಣಿನಲ್ಲಿ ಹಬ್ಬಿಕೊಂಡು ಬೆಳೆಯುವ ಕಾಳು. ಜನ ಅದನ್ನು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತಿದ್ದರು, ಮೊಳಕೆ ಬರಿಸಿ ಹುಳಿ ಮಾಡುತ್ತಿದ್ದರು, ಹುರಿದು ಚಟ್ನಿ ಅರೆಯುತ್ತಿದ್ದರು. ಬೆಂದ ಕಾಳಿನಲ್ಲಿ ಎತ್ತುಗಳಿಗೂ ಪಾಲಿತ್ತು. ಇಷ್ಟೆಲ್ಲ ಆಗಿ ಮಿಕ್ಕಿದ್ದನ್ನು ತುರಗದ್ವೀಪದಿಂದ ಬರುವ ಹಡಗಿಗೆ ಮಾರುತ್ತಿದ್ದರು. ತುರಗದ್ವೀಪದಲ್ಲಿ ಕುದುರೆಗಳು ಬಹಳ. ಹುರುಳಿ ಬೆಳೆಯುವಷ್ಟು ಮಣ್ಣು ಇರಲಿಲ್ಲ.

ಈಚೆನಾಡಿನ ಹೊಳೆದಂಡೆಯ ಹಳ್ಳಿಯಲ್ಲಿ ಜವರಮ್ಮ ಎಂಬ ರೈತ ಹೆಂಗಸು ಇದ್ದಳು. ಅವಳ ಗಂಡ ಮಂಚಯ್ಯ ಹೆಚ್ಚು ಮಾತನಾಡುವವನಲ್ಲ; ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಇದ್ದ ಒಬ್ಬಳೇ ಮಗಳನ್ನು ಹೊಳೆಯಾಚೆಗೆ, ಆಚೆನಾಡಿನ ಸಿಂಗಾರಮ್ಮನ ಮಗನಿಗೆ ಕೊಟ್ಟಿದ್ದರು. ಹಬ್ಬಕ್ಕೊಂದು ಸಲ, ಬೇಸರವಾದಾಗೊಂದು ಸಲ ಜವರಮ್ಮ ದೋಣಿ ಹತ್ತಿ ಬೀಗಿತ್ತಿಯ ಮನೆಗೆ ಹೋಗುವಳು. ಹುರುಳಿ ಸಾರು ಯಾರ ಕೈಯಲ್ಲಿ ಚೆನ್ನಾಗಿ ಕುದಿಯುತ್ತದೆ ಎಂಬ ಬಗ್ಗೆ ಬೀಗಿತ್ತಿಯರಿಬ್ಬರ ನಡುವೆ ಮದುವೆಯ ದಿನದಿಂದಲೂ ಪೈಪೋಟಿ ಇತ್ತು. ಎರಡು ನಾಡುಗಳ ನಡುವೆ ಇದ್ದ ಪೈಪೋಟಿ ಆಗ ಇದೊಂದೇ.

ಈಚೆನಾಡನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಉತ್ತುಂಗದೇವ. ಕೆಟ್ಟವನಲ್ಲ. ಮಧ್ಯಾಹ್ನ ಹುರುಳಿ ಸಾರಿನಲ್ಲಿ ಮುದ್ದೆ ಉಂಡು, ಸಂಜೆಯವರೆಗೆ ಮಲಗಿ, ರಾಜ್ಯವನ್ನು ಅದರಷ್ಟಕ್ಕೆ ಬಿಟ್ಟಿದ್ದನಾದ್ದರಿಂದ ಪ್ರಜೆಗಳು ಅವನನ್ನು ಧರ್ಮಾತ್ಮನೆಂದು ಕರೆಯುತ್ತಿದ್ದರು. ಹೀಗಿರುವಾಗ ಒಂದು ದಿನ ವಾಣಿಜ್ಯ ಮಂತ್ರಿ ಸೂಚ್ಯಂಕನಾಥ ಮುಖ ಬಾಡಿಸಿಕೊಂಡು ಆಸ್ಥಾನಕ್ಕೆ ಬಂದ.

“ಪ್ರಭು, ಅರಿಕೆ ಮಾಡಲು ನಾಲಿಗೆ ಏಳುತ್ತಿಲ್ಲ. ಜಾಗತಿಕ ಹುರುಳಿ ರಫ್ತಿನಲ್ಲಿ ನಾವು ದ್ವಿತೀಯ ಸ್ಥಾನದಲ್ಲಿದ್ದೇವೆ.”

“ಯಾರು ಹೇಳಿದರು?”

“ತುರಗದ್ವೀಪದ ಖರೀದಿದಾರ ಓಸಿಮಾನ್. ನಮ್ಮ ಅತಿಥಿಗೃಹದಲ್ಲೇ ಇಳಿದಿದ್ದಾನೆ. ಅವನೇ ರ‍್ಯಾಂಕಿಂಗ್ ತಂದಿದ್ದಾನೆ.”

“ಪ್ರಥಮ ಸ್ಥಾನ ಯಾರದು?”

“ಆಚೆನಾಡಿನದು.”

ಮಹಾರಾಜನ ಮೀಸೆ ಅದುರಿತು. “ತೃತೀಯ ಸ್ಥಾನ?”

ಸೂಚ್ಯಂಕನಾಥ ಸಣ್ಣಗೆ ಕೆಮ್ಮಿದ. “ತೃತೀಯ ಸ್ಥಾನ ಸದ್ಯಕ್ಕೆ ಖಾಲಿ ಇದೆ, ಪ್ರಭು.”

“ಅಂದರೆ ನಾವು ಕೊನೆಯವರು.”

“ದ್ವಿತೀಯರು ಎನ್ನುವುದು ರಾಜತಾಂತ್ರಿಕ ಪದ್ಧತಿ.”

ಮಹಾರಾಜ ಅಂದು ಮಧ್ಯಾಹ್ನ ಮಲಗಲಿಲ್ಲ. ಓಟವೊಂದು ನಡೆಯುತ್ತಿದೆ ಎಂಬುದೇ ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಗೊತ್ತಾದಾಗ ತಾನು ಹಿಂದೆ ಬಿದ್ದಿದ್ದ. ಆ ನೋವು ಎಂಥದೆಂದು ಓದುಗರಲ್ಲಿ ಯಾರಾದರೂ ರಾಜರಿದ್ದರೆ ಅವರಿಗೆ ತಿಳಿದೀತು.

ಮರುದಿನ ಓಸಿಮಾನನನ್ನು ಆಸ್ಥಾನಕ್ಕೆ ಕರೆಸಲಾಯಿತು. ತೆಳ್ಳಗೆ, ನಯವಾಗಿ, ಮಾತಿಗೊಮ್ಮೆ ತಲೆಬಾಗುವ ಮನುಷ್ಯ.

“ಮಹಾಪ್ರಭುಗಳೇ, ನನಗೆ ಈಚೆನಾಡಿನ ಮೇಲೆ ಅಭಿಮಾನ ಹೆಚ್ಚು. ಇಲ್ಲಿಯ ಹುರುಳಿಯ ಬಣ್ಣವೇನು, ಹೊಳಪೇನು. ಆದರೆ ನಮ್ಮ ಕುದುರೆಗಳು ಅಭಿಮಾನವನ್ನು ತಿನ್ನುವುದಿಲ್ಲವಲ್ಲ. ಆಚೆನಾಡಿನವರು ಇನ್ನೂ ಅಗ್ಗಕ್ಕೆ ಕೊಡುತ್ತಿದ್ದಾರೆ.”

“ಅವರಿಗಿಂತ ಅಗ್ಗಕ್ಕೆ ನಾವು ಕೊಡುತ್ತೇವೆ,” ಎಂದ ಮಹಾರಾಜ.

ಓಸಿಮಾನ್ ಕಣ್ಣೊರೆಸಿಕೊಂಡು, “ಇಂಥ ದೊಡ್ಡತನವನ್ನು ನಾನು ಇಲ್ಲಿ ಮಾತ್ರ ನೋಡಿದೆ,” ಎಂದ. ಅಂದು ಮಧ್ಯಾಹ್ನವೇ ದೋಣಿ ಹತ್ತಿ ಹೊಳೆ ದಾಟಿ, ಆಚೆನಾಡಿನ ರಾಜ ಗೊಂಡೆರಾಯನ ಮುಂದೆ ನಿಂತು ಅದೇ ಮಾತನ್ನು ಅದೇ ಕಣ್ಣೀರಿನಲ್ಲಿ ಹೇಳಿದ. ದೋಣಿಯ ಬಾಡಿಗೆಯನ್ನು ಹೋಗುವಾಗ ಒಬ್ಬ ರಾಜ ಕೊಟ್ಟ, ಬರುವಾಗ ಇನ್ನೊಬ್ಬ ರಾಜ ಕೊಟ್ಟ.

ಹೀಗೆ ಹುರುಳಿಯ ಬೆಲೆ ಇಳಿಯತೊಡಗಿತು. ಈಚೆನಾಡು ಬೆಲೆ ಇಳಿಸಿದರೆ ಆಚೆನಾಡು ಮೂಟೆಗೆ ಚೀಲವನ್ನು ಪುಕ್ಕಟೆ ಮಾಡಿತು. ಆಚೆನಾಡು ಚೀಲ ಪುಕ್ಕಟೆ ಮಾಡಿದರೆ ಈಚೆನಾಡು ಚೀಲದ ಜೊತೆ ಗಾಡಿ ಬಾಡಿಗೆಯನ್ನೂ ಪುಕ್ಕಟೆ ಮಾಡಿ, ಚೀಲದ ಮೇಲೆ ಮಹಾರಾಜರ ನಗುಮುಖವನ್ನು ಅಚ್ಚು ಹಾಕಿಸಿತು. ಇದಕ್ಕೆ ಬ್ರ್ಯಾಂಡಿಂಗ್ ಎಂದು ಸೂಚ್ಯಂಕನಾಥ ಹೆಸರಿಟ್ಟ. ತುರಗದ್ವೀಪದ ಕುದುರೆಗಳ ಹಲ್ಲಿಗೆ ಕಲ್ಲು ಸಿಕ್ಕಬಾರದೆಂದು ಕಾಳು ಆರಿಸಿ ಕೊಡಲಾಯಿತು. ಕುದುರೆಗಳಿಗೆ ಅಜೀರ್ಣವಾಗಬಾರದೆಂದು ಮೂಟೆಗೊಂದು ಹಿಡಿ ಓಮಿನಕಾಳನ್ನು ಸೇರಿಸಲಾಯಿತು. ಕೊನೆಗೆ, ಕೊಳ್ಳುವ ಶ್ರಮಕ್ಕಾಗಿ ಓಸಿಮಾನನಿಗೆ ಖಜಾನೆಯಿಂದ ಪ್ರೋತ್ಸಾಹಧನ ಸಂದಾಯವಾಗತೊಡಗಿತು.

ರೈತರಿಗೆ ತಿಳಿಸಿ ಹೇಳಲೆಂದು ಸ್ಟೇಕ್‌ಹೋಲ್ಡರ್ ಮೀಟಿಂಗ್ ಎಂಬ ಸಭೆ ನಡೆಯಿತು. ಮಂಚಯ್ಯನಿಗೆ ಅಲ್ಲಿ ಜರಿಪೇಟ ತೊಡಿಸಿ ‘ರಫ್ತುವೀರ’ ಎಂಬ ಬಿರುದು ಕೊಟ್ಟರು. ಅವನು ತಂದಿದ್ದ ಹುರುಳಿಯನ್ನು ಅರಮನೆಯ ಉಗ್ರಾಣಕ್ಕೆ ಹಾಕಿಸಿಕೊಂಡು, ಇನ್ನು ಮುಂದೆ ಅಂತಾರಾಷ್ಟ್ರೀಯ ದರ ಸಿಗುತ್ತದೆ ಎಂದರು.

“ಅಂತಾರಾಷ್ಟ್ರೀಯ ಅಂದ್ರೆ ಎಂಗೆ ಬುದ್ಧಿ?” ಎಂದು ಮಂಚಯ್ಯ ಅಪರೂಪಕ್ಕೆ ಬಾಯಿ ಬಿಟ್ಟ.

“ಸ್ಥಳೀಯಕ್ಕಿಂತ ಕಡಿಮೆ,” ಎಂದ ಸೂಚ್ಯಂಕನಾಥ.

ಮಂಚಯ್ಯ ಪೇಟ ಇಟ್ಟುಕೊಂಡೇ ಮನೆಗೆ ಬಂದ. ಜವರಮ್ಮ ಅವನ ತಲೆಯನ್ನೂ ಕೈಯನ್ನೂ ನೋಡಿದಳು. ತಲೆಯ ಮೇಲೆ ಪೇಟವಿತ್ತು, ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

“ಪೇಟ ಚೆಂದಾಗದೆ,” ಎಂದಳು. “ಸಾರಿಗೆ ಹಾಕಕ್ ಬತ್ತದಾ?”

ಇಷ್ಟಾದರೂ ಓಟ ಸಮಸಮವಾಗಿಯೇ ನಡೆಯುತ್ತಿತ್ತು. ಎರಡು ರಾಜ್ಯಗಳೂ ಒಂದೇ ವೇಗದಲ್ಲಿ ಕೆಳಗಿಳಿಯುತ್ತಿದ್ದುದರಿಂದ ಯಾರೂ ಮೇಲೇರಲಿಲ್ಲ. ಸೂಚ್ಯಂಕನಾಥ ತಜ್ಞರೊಡನೆ ಕೂತು ಯೋಚಿಸಿ, ರಾಜ್ಯದ ಹುರುಳಿ ಎಲ್ಲಿ ಸೋರಿ ಹೋಗುತ್ತಿದೆ ಎಂಬುದನ್ನು ಪತ್ತೆಹಚ್ಚಿದ.

“ಪ್ರಭು, ನಮ್ಮ ಹುರುಳಿಯ ಬಹುಪಾಲು ಹಡಗಿನವರೆಗೆ ತಲುಪುತ್ತಲೇ ಇಲ್ಲ. ಪ್ರಜೆಗಳು ಅದನ್ನು ತಿನ್ನುತ್ತಿದ್ದಾರೆ.”

“ಎಷ್ಟು ಕಾಲದಿಂದ?” ಎಂದು ಮಹಾರಾಜ ಗಾಬರಿಗೊಂಡ.

“ಮೊದಲಿನಿಂದಲೂ. ಯಾರ ಗಮನಕ್ಕೂ ಬಂದಿರಲಿಲ್ಲ. ಇದನ್ನು ದೇಶೀಯ ಸೋರಿಕೆ ಎನ್ನುತ್ತಾರೆ.”

ಡಂಗುರ ಸಾರಲಾಯಿತು. ಮನೆಯಲ್ಲಿ ಬೆಂದ ಹುರುಳಿ ರಫ್ತಾಗದ ಹುರುಳಿ. ರಫ್ತಾಗದ ಹುರುಳಿ ಶತ್ರುವಿನ ಹುರುಳಿ. ಇಂದಿನಿಂದ ಈಚೆನಾಡಿನ ಯಾವ ಒಲೆಯ ಮೇಲೂ ಹುರುಳಿ ಕುದಿಯತಕ್ಕದ್ದಲ್ಲ. ಮಹಾರಾಜರೇ ಮೊದಲ ತ್ಯಾಗ ಮಾಡಿ ಅರಮನೆಯ ಅಡುಗೆಮನೆಯಲ್ಲಿ ಹುರುಳಿ ನಿಲ್ಲಿಸಿದ್ದಾರೆ. ಎತ್ತುಗಳೂ ರಾಷ್ಟ್ರದ ಹಿತದೃಷ್ಟಿಯಿಂದ ಸಹಕರಿಸಬೇಕು.

ಆಜ್ಞೆ ಪಾಲನೆಯಾಗುತ್ತಿದೆಯೋ ಇಲ್ಲವೋ ನೋಡಲು ಘ್ರಾಣಾಧಿಕಾರಿ ಎಂಬ ಹೊಸ ಹುದ್ದೆ ಸೃಷ್ಟಿಯಾಯಿತು. ಹೊಳೆದಂಡೆಯ ಹಳ್ಳಿಗಳಿಗೆ ನಾಸಿಕೇಂದ್ರ ಎಂಬವನು ನೇಮಕಗೊಂಡ. ಮೂಗು ಉದ್ದವಾಗಿತ್ತು, ಸಂಬಳ ಗಿಡ್ಡವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ತಲೆಯೆತ್ತಿಕೊಂಡು ನಡೆಯುವುದು ಅವನ ಕೆಲಸ.

ಜವರಮ್ಮ ಆಜ್ಞೆಯನ್ನು ಕೇಳಿದ್ದಳು. ಆದರೆ ಮಂಚಯ್ಯನಿಗೆ ನೆಗಡಿಯಾಗಿತ್ತು, ಮಡಕೆಯ ತಳದಲ್ಲಿ ಒಂದು ಸೇರಿನಷ್ಟು ಹುರುಳಿ ಉಳಿದಿತ್ತು, ಕಟ್ಟಿನ ಸಾರು ಕುಡಿಸದಿದ್ದರೆ ಅವನ ಮೂಗು ಬಿಡುವಂತಿರಲಿಲ್ಲ. ಕದ ಮುಂದಕ್ಕೆಳೆದು ಒಲೆ ಹೊತ್ತಿಸಿದಳು. ಬೆಳ್ಳುಳ್ಳಿ ಒಗ್ಗರಣೆ ಬಿದ್ದದ್ದೇ ತಡ, ನಾಸಿಕೇಂದ್ರ ಬಾಗಿಲಲ್ಲಿದ್ದ.

“ಏನಮ್ಮಾ, ಇದು ಏನು ವಾಸನೆ?”

“ಒಗ್ಗರಣೆ ವಾಸ್ನೆ ಕಣಪ್ಪಾ.”

“ಒಗ್ಗರಣೆಯ ಕೆಳಗೆ ಏನಿದೆ?”

ಸುಳ್ಳು ಹೇಳುವುದು ಜವರಮ್ಮನಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಆ ಸಾರಿನ ಪರಿಮಳದ ಮುಂದೆ ನಿಲ್ಲುತ್ತಿರಲಿಲ್ಲ. “ಹುರುಳಿ,” ಎಂದಳು. “ನಮ್ಮ ಯಜಮಾನ್ರಿಗೆ ನೆಗಡಿ. ನಮ್ಮ ಹೊಲದ್ದೇ ಕಾಳು, ಇನ್ಯಾರ್ದೂ ಅಲ್ಲ.”

“ಕಾಳು ನಿಮ್ಮದಾದರೂ ಸ್ಥಾನ ಮಹಾರಾಜರದು. ಸಾರನ್ನು ಜಪ್ತಿ ಮಾಡಬೇಕಾಗುತ್ತದೆ.”

ನಾಸಿಕೇಂದ್ರ ಸಾರಿನ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೆಳಗಿನಿಂದ ಊರೂರು ಮೂಸುತ್ತ ಬಂದಿದ್ದ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಪಾತ್ರೆಯ ಮೇಲೆ ಬಗ್ಗಿ ಉದ್ದಕ್ಕೆ ಒಮ್ಮೆ ಉಸಿರೆಳೆದುಕೊಂಡ.

“ಮುದ್ದೆ ಇದೆಯಾ?” ಎಂದು ಕೇಳಿದ, ದನಿ ತಗ್ಗಿಸಿ.

ಜವರಮ್ಮ ಗಂಡನ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟಳು. ರಫ್ತುವೀರನೂ ಘ್ರಾಣಾಧಿಕಾರಿಯೂ ಒಟ್ಟಿಗೆ ಕೂತು ಉಂಡರು. ತಟ್ಟೆ ನೆಕ್ಕಿದ ಮೇಲೆ ನಾಸಿಕೇಂದ್ರ ಎದ್ದು ಸೊಂಟದ ಪಟ್ಟಿ ಸಡಿಲಿಸಿ, “ಅಕ್ರಮ ಸಾರನ್ನು ಸಂಪೂರ್ಣವಾಗಿ ನಾಶಪಡಿಸಲಾಗಿದೆ,” ಎಂದು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಘೋಷಿಸಿದ. ಹೋಗುವ ಮೊದಲು ಒಳಗೆ ತಲೆ ಹಾಕಿ, “ಉಪ್ಪು ಒಂದು ಚೂರು ಜಾಸ್ತಿ ಕಣವ್ವಾ,” ಎಂದ. ಆದರೂ ಕೆಲಸ ಕೆಲಸವೇ ತಾನೆ? ಮಡಕೆಯ ತಳದಲ್ಲಿ ಉಳಿದಿದ್ದ ಕಾಳನ್ನೆಲ್ಲ ಬಾಚಿಕೊಂಡು ಉಗ್ರಾಣಕ್ಕೆ ಒಯ್ದ. ಜವರಮ್ಮ ಬಿತ್ತನೆಗೆಂದು ಬೂದಿ ಬೆರೆಸಿ ಕಟ್ಟಿಟ್ಟಿದ್ದ ಗಂಟೂ ಅದರಲ್ಲಿ ಹೋಯಿತು. ಅವಳು ತಡೆಯಲು ಹೋದಾಗ, “ಬಿತ್ತನೆಯೂ ಸೋರಿಕೆಯೇ ಅಂತ ಸುತ್ತೋಲೆ ಬಂದಿದೆ,” ಎಂದು ಮುಖ ತಿರುಗಿಸಿಕೊಂಡು ನಡೆದ. ಹೆಂಡತಿ ಮಕ್ಕಳಿದ್ದವನು ಅವನೂ.

ಜವರಮ್ಮ ಅಂದು ಮೊದಲ ಬಾರಿಗೆ ಮಂಕಾದಳು. ಸಾರು ಹೋದದ್ದಕ್ಕಲ್ಲ. ಅವಳ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಒಂದು ಫಸಲಿನ ಕಾಳನ್ನು ಮುಂದಿನ ಫಸಲಿಗೆ ದಾಟಿಸಿ ದಾಟಿಸಿ ಕೊಟ್ಟ ಬೀಜ ಅದು. ಬರಿದಾದ ಮಡಕೆಯನ್ನು ಮಗುಚಿ ಇಟ್ಟು ಬಂದು ಜಗಲಿಯಲ್ಲಿ ಕೂತಳು. ಮಂಚಯ್ಯ ಪಕ್ಕದಲ್ಲಿ ಬಂದು ಕೂತ. ಮಾತಿಲ್ಲದವನಿಗೆ ಅಷ್ಟೇ ಮಾಡಲು ಬರುತ್ತಿತ್ತು.

ಹೀಗೆ ರಾಜ್ಯದ ಹುರುಳಿಯೆಲ್ಲ ಹಡಗಿನ ಕಟ್ಟೆಯಲ್ಲಿ ಬೆಟ್ಟವಾಗಿ ನಿಂತ ಮೇಲೆ, ಆಚೆನಾಡಿನಿಂದ ಒಬ್ಬ ರಾಯಭಾರಿ ಬಂದ. ಯುದ್ಧವೇ ಬಂತೆಂದು ಉತ್ತುಂಗದೇವ ಕಿರೀಟ ಬಿಗಿ ಮಾಡಿಕೊಂಡ. ರಾಯಭಾರಿ ಆಕಳಿಸಿ ಹೇಳಿದ: “ನಮ್ಮ ದೊರೆ ಗೊಂಡೆರಾಯರಿಗೆ ಸುಸ್ತಾಗಿದೆ. ಪ್ರಥಮ ಸ್ಥಾನ ನೀವೇ ಇಟ್ಟುಕೊಳ್ಳಬಹುದಂತೆ. ಅವರು ಮಧ್ಯಾಹ್ನ ಮಲಗಲು ಶುರು ಮಾಡಿದ್ದಾರೆ.”

ಆಸ್ಥಾನದಲ್ಲಿ ಹರ್ಷೋದ್ಗಾರವೆದ್ದಿತು. ಶತ್ರು ನಿದ್ರೆಗೆ ಶರಣಾದನೆಂದು ಕವಿಗಳು ಅಲ್ಲೇ ಸೀಸಪದ್ಯ ಕಟ್ಟಿದರು. ಓಸಿಮಾನ್ ಎದ್ದುನಿಂತು, ಜಗತ್ತಿನ ಹುರುಳಿ ಮಾರುಕಟ್ಟೆಯಲ್ಲಿ ನೂರಕ್ಕೆ ನೂರು ಪಾಲು ಈಚೆನಾಡಿನದೇ ಎಂದು ಪ್ರಕಟಿಸಿ, ಈ ಗೆಲುವಿಗಾಗಿ ನಡೆಯಲಿರುವ ಪಟ್ಟಾಭಿಷೇಕಕ್ಕೆ ಹೊಸ ಕಿರೀಟವನ್ನು ತನ್ನ ದ್ವೀಪದಿಂದಲೇ ತರಿಸಿಕೊಡುವುದಾಗಿ ಹೇಳಿದ. ಕಿರೀಟದ ಬೆಲೆಯ ವಿಷಯವನ್ನು ಮಂತ್ರಿಯ ಕಿವಿಯಲ್ಲಿ ಹೇಳಿದ. ಅದು ಅಂತಾರಾಷ್ಟ್ರೀಯ ದರವಾಗಿರಲಿಲ್ಲ.

ಈಗ ಓಸಿಮಾನನಿಗೆ ಒಂದು ತೊಂದರೆ ಎದುರಾಯಿತು. ಬೆಟ್ಟದಂಥ ಹುರುಳಿ ಅವನ ಹಡಗಿನಲ್ಲಿ ಹಿಡಿಸಲಿಲ್ಲ. ಹಿಡಿಸಿದರೂ ಅಷ್ಟನ್ನು ತಿನ್ನಲು ಕುದುರೆಗಳಿರಲಿಲ್ಲ. ಅವನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಡಗಿಗೆ ಹಿಡಿಸಿದಷ್ಟು ತುಂಬಿ, ಮಿಕ್ಕ ಮೂಟೆಗಳನ್ನೆಲ್ಲ ದೋಣಿಗೆ ಹೇರಿ ಹೊಳೆಯಾಚೆ ಸಾಗಿಸಿ, ಆಚೆನಾಡಿನ ಸಂತೆಯಲ್ಲಿ ಮಾರಿದ. ದೋಣಿಯ ಬಾಡಿಗೆ ಈಚೆನಾಡಿನ ಖಜಾನೆಯದು, ಅದು ರಫ್ತಲ್ಲವೇ?

ಬೇಸಿಗೆ ಕಳೆಯುವ ಹೊತ್ತಿಗೆ ಜವರಮ್ಮ ಮಗಳನ್ನು ನೋಡಿಬರಲು ಹೊಳೆ ದಾಟಿದಳು. ಸಿಂಗಾರಮ್ಮನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ಎದುರುಗೊಂಡಿತು. ಜವರಮ್ಮನಿಗೆ ಅಭ್ಯಾಸಬಲದಿಂದ ಬೀದಿಯ ಎರಡೂ ಕಡೆ ನೋಡುವಂತಾಯಿತು.

“ಬಾ ಅಕ್ಕಯ್ಯ, ಯಾಕಂಗೆ ಕಳ್ಳ್ರಂಗೆ ನೋಡಿಯೇ?” ಎಂದು ಸಿಂಗಾರಮ್ಮ ಕೈ ಹಿಡಿದು ಒಳಗೆ ಕರೆದಳು. “ಕೂತ್ಕೊ. ಮುದ್ದೆ ಬಿಸಿಯಾಗದೆ.”

ಸಾರಿನಲ್ಲಿ ಮುದ್ದೆ ಅದ್ದಿ ನುಂಗಿದ ಜವರಮ್ಮನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದಳು. ಎಷ್ಟೋ ವರ್ಷಗಳ ಪೈಪೋಟಿಯನ್ನು ಪಕ್ಕಕ್ಕಿಟ್ಟು, ಚೆನ್ನಾಗಿದೆ ಎಂದೂ ಹೇಳಿದಳು. ಆಮೇಲೆ ಕೇಳಿದಳು, “ನೀವೂ ಎಲ್ಲಾ ಹಡಗಿಗೆ ಹಾಕ್ಬುಟ್ರಿ ಅಂದ್ರು. ಈ ಕಾಳೆಲ್ಲಿತ್ತವ್ವಾ?”

ಸಿಂಗಾರಮ್ಮ ಮುಜುಗರದಿಂದ ಸೆರಗು ಸರಿಮಾಡಿಕೊಂಡು ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿ ಸಾಲಾಗಿ ಮೂಟೆಗಳಿದ್ದವು. ಪ್ರತಿ ಮೂಟೆಯ ಮೇಲೂ ಶ್ರೀಮನ್ಮಹಾರಾಜ ಉತ್ತುಂಗದೇವ ನಗುತ್ತಿದ್ದ.

“ನಿಮ್ಮ ಮಾರಾಜ್ರನ್ನ ಅಟ್ಟಕ್ಕೆ ಹಾಕಿದ್ದೀವಿ, ತೆಪ್ಪು ತಿಳ್ಕಬೇಡ. ಸಂತೇಲಿ ಬಲು ಅಗ್ಗಕ್ಕೆ ಸಿಕ್ತು. ಬೆಳೆಯೋಕಿಂತ ಕೊಂಡ್ಕೊಳ್ಳೋದೇ ವಾಸಿ ಅಂತ ನಮ್ಮೋರು ಈ ಸಲ ಹೊಲಕ್ಕೆ ಎಳ್ಳು ಹಾಕವ್ರೆ.”

ಜವರಮ್ಮ ಅಟ್ಟವನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಬರುಬರುತ್ತ ಹೊಟ್ಟೆ ಹಿಡಿದುಕೊಳ್ಳುವಷ್ಟು. ಅವಳು ನಕ್ಕದ್ದು ನೋಡಿ ಸಿಂಗಾರಮ್ಮನೂ ನಕ್ಕಳು, ಮಗಳೂ ನಕ್ಕಳು.

“ಇನ್ನೊಂದ್ ಮುದ್ದೆ ಹಾಕು,” ಎಂದಳು ಜವರಮ್ಮ. “ನಮ್ಮದೇ ತಾನೆ.”

ಸುದ್ದಿ ಈ ದಡಕ್ಕೆ ದಾಟಲು ಹೊತ್ತು ಹಿಡಿಯಲಿಲ್ಲ. ಆಚೆಗೆ ಹೆಣ್ಣು ಕೊಟ್ಟವರು, ಆಚೆಯಿಂದ ಹೆಣ್ಣು ತಂದವರು, ಕೊಡುವ ಯೋಚನೆಯಲ್ಲಿದ್ದವರು, ಎಲ್ಲರೂ ಬೀಗರನ್ನು ನೆನೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ದೋಣಿಗಳು ತುಂಬಿ ಹೋಗುತ್ತಿದ್ದವು. ಸಂಜೆಗೆ ತೃಪ್ತಿಯಿಂದ ತೇಗುತ್ತ ಮರಳುತ್ತಿದ್ದವು. ಬಂದವರೆಲ್ಲರಿಗೂ ಉಚಿತವಾಗಿ ಬಡಿಸುವುದು ಆಗದೆಂದು ಸಿಂಗಾರಮ್ಮ ಅಂಗಳದಲ್ಲಿ ಚಪ್ಪರ ಹಾಕಿಸಿ, ನೆಂಟರಲ್ಲದವರಿಂದ ಒಂದಿಷ್ಟು ತೆಗೆದುಕೊಂಡು ಊಟ ಹಾಕತೊಡಗಿದಳು. ಜವರಮ್ಮ ಬಡಿಸಲು ಕೈಜೋಡಿಸಿದಳು.

ಇತ್ತ ಅರಮನೆಯಲ್ಲಿ ಮಹಾರಾಜನಿಗೆ ಊಟ ಸೇರುತ್ತಿರಲಿಲ್ಲ. ಹುರುಳಿ ಬಿಟ್ಟಾಗಿನಿಂದ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. ಹೊಳೆಯಾಚೆಯ ಚಪ್ಪರದ ಸುದ್ದಿ ಅವನ ಕಿವಿಗೂ ಬಿದ್ದಿತು. ಪ್ರಜೆಗಳ ಸ್ಥಿತಿಗತಿಯನ್ನು ಮಾರುವೇಷದಲ್ಲಿ ತಿಳಿಯುವುದು ಪೂರ್ವಿಕರ ಪದ್ಧತಿ ಎಂದು ಅವನಿಗೆ ಥಟ್ಟನೆ ನೆನಪಾಯಿತು. ಒಂದು ದಿನ ಜವಳಿ ವ್ಯಾಪಾರಿಯ ವೇಷ ಹಾಕಿ, ಹೆಗಲ ಮೇಲೆ ಬಟ್ಟೆಗಂಟು ಹೊತ್ತು, ಯಾರಿಗೂ ಹೇಳದೆ ದೋಣಿ ಹತ್ತಿದ.

ಚಪ್ಪರದ ಕೆಳಗೆ ಪಂಕ್ತಿ ಕೂತಿತ್ತು. ಮಹಾರಾಜ ಜಾಗ ಮಾಡಿಕೊಂಡು ಎಲೆಯ ಮುಂದೆ ಕೂತು ಪಕ್ಕಕ್ಕೆ ನೋಡಿದ. ಅಲ್ಲೊಬ್ಬ ಬೈರಾಗಿ ಕೂತಿದ್ದ. ಗಡ್ಡ ಅಂಟಿಸಿದ್ದಾದರೂ, ಮುದ್ದೆಯನ್ನು ಸಮಭಾಗ ಮಾಡಿ ಶೇಕಡಾವಾರು ತಿನ್ನುವ ರೀತಿ ಸೂಚ್ಯಂಕನಾಥನದೇ. ಬೈರಾಗಿಯ ಆ ಪಕ್ಕದಲ್ಲಿ ಕಂಬಳಿ ಮುಸುಕು ಹಾಕಿ ಕೂತಿದ್ದವನ ಮುಸುಕಿನಿಂದ ಮೂಗು ಮಾತ್ರ ಹೊರಬಂದಿತ್ತು. ನಾಸಿಕೇಂದ್ರನನ್ನು ಗುರುತಿಸಲು ಇನ್ನೇನೂ ಬೇಕಿರಲಿಲ್ಲ. ಎದುರು ಸಾಲಿನಲ್ಲಿ ಸೇನಾಧಿಪತಿ, ಇಬ್ಬರು ಆಸ್ಥಾನ ಕವಿಗಳು, ರಾಜವೈದ್ಯ. ಎಲ್ಲರೂ ಎಲ್ಲರನ್ನೂ ಗುರುತಿಸಿದರು. ಯಾರೂ ಯಾರನ್ನೂ ಗುರುತಿಸಲಿಲ್ಲ. ಈಚೆನಾಡಿನ ಮಂತ್ರಿಮಂಡಲ ಅಷ್ಟು ಒಮ್ಮತದಿಂದ ನಡೆದುಕೊಂಡದ್ದು ಅದೇ ಮೊದಲು.

ಜವರಮ್ಮ ಸಾರು ಬಡಿಸುತ್ತ ಬಂದಳು. ಮಹಾರಾಜ ಮೊದಲ ತುತ್ತಿಗೇ ಕಣ್ಣು ಮುಚ್ಚಿದ. ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ ಮೆಲ್ಲಗೆ ಕೇಳಿದ:

“ತಾಯೀ, ನೀವು ಈಚೆನಾಡಿನವರಂತೆ. ನಿಮ್ಮ ಮಹಾರಾಜರು ಹೇಗೆ?”

ಬೈರಾಗಿಯ ತುತ್ತು ಅರ್ಧದಲ್ಲೇ ನಿಂತಿತು.

“ಒಳ್ಳೇವ್ರೆ,” ಎಂದಳು ಜವರಮ್ಮ, ಸೌಟು ಪಾತ್ರೆಗೆ ಒರಗಿಸಿ. “ಓಡಿ ಗೆಲ್ಲಬೇಕು ಅನ್ನೋ ಚಪಲ. ಎಲ್ಲಾರ್ಗೂ ಇರ್ತದೆ, ನಂಗೂ ನಮ್ಮ ಬೀಗಿತ್ತಿಗೂ ಇಲ್ವಾ? ಆದ್ರೆ ನಾನು ಗೆಲ್ಲಬೇಕು ಅಂತ ಮನೇರ ತಟ್ಟೆ ಕಿತ್ಕೊಳಾಕಿಲ್ಲ. ಮಳೆ ಬತ್ತಾ ಅದೆ ಸ್ವಾಮಿ. ಹೊಲ ಹದವಾಗದೆ. ಬಿತ್ತಕ್ಕೆ ಒಂದ್ ಹಿಡಿ ಬೀಜ ಇಲ್ಲ. ಇಲ್ಲಿಂದ ಹೊತ್ಕೊಂಡೋದ್ರೆ ಅದ್ನೂ ಜಪ್ತಿ ಮಾಡ್ತಾರೆ. ನೀವು ಊರೂರು ತಿರುಗೋರು, ಅರಮನೆ ಕಡೆ ಹೋದ್ರೆ ಬೀಜದ ಇಷ್ಯ ಒಂದ್ ಮಾತು ಕಿವಿಗ್ ಹಾಕಿ.”

ಮಹಾರಾಜ ತಲೆ ತಗ್ಗಿಸಿದ. ಸಾರು ಎಲೆಯಿಂದ ಹರಿದು ಮಣ್ಣಿಗೆ ಹೋಗುತ್ತಿತ್ತು. ಅವನು ಮುದ್ದೆಯಿಂದ ಕಟ್ಟೆ ಕಟ್ಟುವುದನ್ನೂ ಮರೆತ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಯಿತು. “ಹಾಕುತ್ತೇನೆ ತಾಯೀ,” ಎಂದ. ಆ ಗಳಿಗೆಯಲ್ಲಿ ಅವನು ಹಾಗೆಯೇ ಮಾಡುವವನಿದ್ದ. ಇಂಥ ಗಳಿಗೆಗಳನ್ನು ಹತ್ತಿರ ಸುಳಿಯಗೊಡಬಾರದೆಂದೇ ರಾಜರು ಮಂತ್ರಿಗಳನ್ನು ಇಟ್ಟುಕೊಂಡಿರುತ್ತಾರೆ.

ಮರುದಿನ ಬೆಳಿಗ್ಗೆ ಮಹಾರಾಜ ಸೂಚ್ಯಂಕನಾಥನನ್ನು ಕರೆಸಿದ. ಮಂತ್ರಿಯ ಗಲ್ಲದಲ್ಲಿ ಗಡ್ಡದ ಅಂಟು ಇನ್ನೂ ಹೋಗಿರಲಿಲ್ಲ.

“ಮಂತ್ರಿಗಳೇ, ನಮ್ಮ ಪ್ರಜೆಗಳು ತಾವೇ ಬೆಳೆದ ಹುರುಳಿಯನ್ನು ಉಣ್ಣಲು ಹೊಳೆ ದಾಟಿ ಹೋಗುತ್ತಿದ್ದಾರೆ. ಹಾಗೆಂದು ಯಾರೋ ಹೇಳಿದರು.”

“ನನಗೂ ಯಾರೋ ಹೇಳಿದರು, ಪ್ರಭು. ಕೇಳಿ ರೋಮಾಂಚನವಾಯಿತು.”

“ರೋಮಾಂಚನವೇ?”

“ಪ್ರಭು, ಹೊಳೆಯಾಚೆ ಇರುವುದು ಪರದೇಶ. ಪರದೇಶಕ್ಕೆ ಹೋಗಿ ಉಂಡುಬರುವುದಕ್ಕೆ ವಿದೇಶ ಪ್ರವಾಸ ಎನ್ನುತ್ತಾರೆ. ತುರಗದ್ವೀಪದ ಶ್ರೀಮಂತರು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಹೊಲ ಉಳುವ ಹೆಂಗಸು ಮಧ್ಯಾಹ್ನದ ಊಟಕ್ಕೆ ವಿದೇಶಕ್ಕೆ ಹೋಗಿ ಸಂಜೆಗೆ ಮರಳುವಷ್ಟು ಸಮೃದ್ಧವಾದ ರಾಜ್ಯ ಭೂಮಂಡಲದಲ್ಲಿ ಇನ್ನೊಂದಿದ್ದರೆ ನನ್ನ ಹುದ್ದೆ ಬಿಡುತ್ತೇನೆ.”

ಮಹಾರಾಜ ಯೋಚಿಸಿದ. ಎದೆಯಲ್ಲಿ ನಿನ್ನೆಯಿಂದ ಕೂತಿದ್ದ ಭಾರ ಸ್ವಲ್ಪ ಸರಿದಂತಾಯಿತು. “ಆದರೆ ಬೀಜ? ಬಿತ್ತಲು ಬೀಜವಿಲ್ಲ ಎಂದು...”

“ಬೀಜವೂ ಈಗ ವಿದೇಶದಲ್ಲಿ ಸಿಗುತ್ತದೆ. ಆಮದು ಬೀಜ. ನಮ್ಮ ರೈತರು ಇಷ್ಟು ಬೇಗ ಆ ಮಟ್ಟಕ್ಕೆ ಏರುತ್ತಾರೆಂದು ನಾನೂ ಎಣಿಸಿರಲಿಲ್ಲ.”

“ನನ್ನ ಆಳ್ವಿಕೆಯಲ್ಲಿ,” ಎಂದ ಮಹಾರಾಜ ನಿಧಾನವಾಗಿ.

“ತಮ್ಮ ಆಳ್ವಿಕೆಯಲ್ಲಿ ಮಾತ್ರ.”

ಹೀಗೆ ಹೊಳೆಯ ಕಟ್ಟೆಯಲ್ಲಿ ಸುಂಕದ ಚಾವಡಿ ಎದ್ದಿತು. ಓಸಿಮಾನನ ಪ್ರೋತ್ಸಾಹಧನದಿಂದಲೂ ಹೊಸ ಕಿರೀಟದಿಂದಲೂ ಖಜಾನೆ ತೆಳ್ಳಗಾಗಿತ್ತು. ಇಷ್ಟು ಸಮೃದ್ಧರಾದ ಪ್ರಜೆಗಳು ಒಂದಿಷ್ಟು ಕೊಡಲಾರರೇ? ಹೋಗುವಾಗ ವಿದೇಶ ಪ್ರವಾಸ ಸುಂಕ. ಬರುವಾಗ ಆಮದು ಸುಂಕ; ಕೈಯಲ್ಲಿ ಗಂಟಿದ್ದರೆ ಗಂಟಿನ ಮೇಲೆ, ಗಂಟಿಲ್ಲದಿದ್ದರೆ ಹೊಟ್ಟೆಯ ಮೇಲೆ. ದಕ್ಷತೆ ತೋರಿದ ನಾಸಿಕೇಂದ್ರನಿಗೆ ಬಡ್ತಿ ಕೊಟ್ಟು ಅಲ್ಲಿ ಕೂರಿಸಿದರು. ಮೊದಲ ದಿನ ಜವರಮ್ಮ ಮರಳಿ ಬಂದಾಗ ಅವನು ತಲೆಯೆತ್ತದೆ ಕೇಳಿದ:

“ಹೊಟ್ಟೆಯಲ್ಲಿ ಏನಿದೆ?”

“ಸಾರು, ಮುದ್ದೆ.”

“ಮುದ್ದೆ ಸ್ವದೇಶಿ ಅಂತ ಬಿಡಬಹುದು. ಸಾರಿಗೆ ಕಟ್ಟಬೇಕು.”

“ನಿನ್ ಹೊಟ್ಟೇಲಿರೋದಕ್ಕೆ ಯಾರಪ್ಪಾ ಕಟ್ಟೋರು?” ಎಂದಳು ಜವರಮ್ಮ.

ನಾಸಿಕೇಂದ್ರ ಅತ್ತಿತ್ತ ನೋಡಿ, “ನಾನೂ ಕಟ್ಟುತ್ತಿದ್ದೇನೆ ಕಣವ್ವಾ,” ಎಂದ. ಅದು ನಿಜವಾಗಿತ್ತು.

ಪಟ್ಟಾಭಿಷೇಕದ ಹಿಂದಿನ ದಿನ ಒಳ್ಳೆಯ ಮಳೆ ಬಿತ್ತು. ಬಿತ್ತನೆಗೆ ಅದಕ್ಕಿಂತ ಒಳ್ಳೆಯ ಹದ ಸಿಗುವಂತಿರ‍ಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಈಚೆನಾಡಿನ ರೈತರೆಲ್ಲ ಬೀಜ ತರಲು ಹೊಳೆಯ ಕಡೆ ಹೊರಟರು. ಸುಂಕದ ಚಾವಡಿಯಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಿದ್ದುದರಿಂದ ಸಾಲು ಬೆಳೆಯಿತು. ಕಟ್ಟೆಯಿಂದ ಸಂತೆಮಾಳಕ್ಕೆ, ಸಂತೆಮಾಳದಿಂದ ರಾಜಬೀದಿಗೆ, ರಾಜಬೀದಿಯಿಂದ ಅರಮನೆಯ ಮುಂದಿನ ಮೈದಾನಕ್ಕೆ ಸಾಲು ಸುತ್ತಿಕೊಂಡು ಬಂತು. ಜವರಮ್ಮನೂ ಮಂಚಯ್ಯನೂ ಮೈದಾನದ ನಡುವೆ ನಿಂತಿದ್ದರು. ಸಿಂಗಾರಮ್ಮ ಅಟ್ಟದಿಂದ ಒಂದು ಮೂಟೆ ಇಳಿಸಿ ಒಳ್ಳೆಯ ಕಾಳು ಆರಿಸಿ ಇಟ್ಟಿರುವುದಾಗಿ ಹೇಳಿ ಕಳಿಸಿದ್ದಳು. ಅದೇ ತನ್ನ ಅತ್ತೆಯ ಬೀಜವೋ ಬೇರೆ ಯಾರದೋ ಗೊತ್ತಿರಲಿಲ್ಲ. ಬಿತ್ತಿದರೆ ಹುಟ್ಟುತ್ತದೆ ಎಂಬುದು ಗೊತ್ತಿತ್ತು.

ಅರಮನೆಯ ಒಳಗೆ ಓಸಿಮಾನ್ ಹೊಸ ಕಿರೀಟವನ್ನು ಮಹಾರಾಜನ ತಲೆಗಿಟ್ಟ. ಉತ್ತುಂಗದೇವ ‘ವಿಶ್ವಹುರುಳಿ ಚಕ್ರವರ್ತಿ’ ಆದ. ಕವಿಗಳು ಪದ್ಯ ಓದಿದರು, ಡೋಲುಗಳು ಮೊಳಗಿದವು. ಸೂಚ್ಯಂಕನಾಥ ಚಕ್ರವರ್ತಿಯನ್ನು ಉಪ್ಪರಿಗೆಗೆ ಕರೆತಂದು ಕೈ ಚಾಚಿ ತೋರಿಸಿದ.

ಮೈದಾನ ತುಂಬ ಜನ. ರಾಜಬೀದಿ ತುಂಬ ಜನ. ಕಣ್ಣು ಹೋದಷ್ಟು ದೂರವೂ ಜನ, ಗಲಾಟೆಯಿಲ್ಲದೆ, ಸಾಲಾಗಿ, ಶಿಸ್ತಾಗಿ.

“ಇವರೆಲ್ಲ ನನಗಾಗಿ ಬಂದವರೇ?” ಎಂದ ಚಕ್ರವರ್ತಿ, ಕಿರೀಟ ಸರಿಮಾಡಿಕೊಳ್ಳುತ್ತ.

“ತಮ್ಮಿಂದಾಗಿ ಬಂದವರು, ಪ್ರಭು,” ಎಂದ ಸೂಚ್ಯಂಕನಾಥ. ಅವನು ಎಂದೂ ನೇರವಾಗಿ ಸುಳ್ಳು ಹೇಳಿದವನಲ್ಲ.

ಚಕ್ರವರ್ತಿ ಕಣ್ತುಂಬಿ ಕೈ ಬೀಸಿದ.

“ಮಾರಾಜ್ರು ಕೈ ಬೀಸ್ತಾವ್ರೆ,” ಎಂದ ಮಂಚಯ್ಯ.

ಜವರಮ್ಮ ಒಂದು ಕೈಯಲ್ಲಿ ಸುಂಕದ ಕಾಸು ಭದ್ರವಾಗಿ ಹಿಡಿದುಕೊಂಡಿದ್ದಳು. ಖಾಲಿ ಇದ್ದ ಇನ್ನೊಂದು ಕೈ ಎತ್ತಿ ಬೀಸಿದಳು. “ನೀವೂ ಬೀಸಿ,” ಎಂದಳು ಗಂಡನಿಗೆ. “ಬೀಸ್ತಾ ಬೀಸ್ತಾ ಒಂದೆಜ್ಜೆ ಮುಂದಕ್ಕೆ ಸರೀರಿ. ಹೊತ್ತಾದ್ರೆ ಹದ ಆರೋಯ್ತದೆ.”

ಅವಳನ್ನು ನೋಡಿ ಮುಂದಿನವರು ಬೀಸಿದರು, ಹಿಂದಿನವರು ಬೀಸಿದರು, ಹೊಳೆಯ ಕಟ್ಟೆಯವರೆಗೂ ಕೈಗಳೆದ್ದವು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.